ಭಯಕ್ಕೊಂದು ಸನ್ನೆ

ಬಿಳಿ ಕೈಗವಸಿನ ಗುಂಡಿ ಹಾಕಿಕೊಳ್ಳಲು ಡೆಲ್ಫೀನಳಿಂದ ಆಗುತ್ತಿರಲಿಲ್ಲ. ಮಣಿಕಟ್ಟಿನ ಹತ್ತಿರ ಇರುವುದೇ ಒಂದು ಗುಂಡಿ. ಎಷ್ಟೋ ವರ್ಷಗಳಿಂದ ಭಾನುವಾರ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದದ್ದು, ಇವತ್ತು ಜಗಳವಾಡಿದವರ ಹಾಗೆ ಬೆರಳು ಒಂದು ಕಡೆ, ಗುಂಡಿ ಒಂದು ಕಡೆ. ಥೂ ಇದರ, ಎಂದುಕೊಂಡು ಕೈಬಿಟ್ಟಳು. ಫ್ರಿಜ್ಜಿಗೂ ಗೋಡೆಗೂ ನಡುವೆ ಈಚೆಗೆ ಒಂದು ಕುರ್ಚಿ ಎಳೆದುಕೊಂಡಿದ್ದಳು. ಅಲ್ಲಿ ಕೂತರೆ ಕಿಟಕಿಯಿಂದ ಯಾರಿಗೂ ಕಾಣುವುದಿಲ್ಲ. ಮೊದಲು ಕೂರುತ್ತಿದ್ದ ಕುರ್ಚಿಯಿಂದ ಹಿತ್ತಲ ಮರ, ಬಟ್ಟೆ ಒಣಹಾಕುವ ಹಗ್ಗ, ಪಕ್ಕದ ಮನೆಯವರ ನಾಯಿ ಎಲ್ಲ ಕಾಣುತ್ತಿತ್ತು. ಈಗ ಕಾಣುವುದು ಫ್ರಿಜ್ಜಿನ ಪಕ್ಕೆ, ಅದರ ಮೇಲೆ ಯಾವಾಗಲೋ ಅಂಟಿಸಿದ್ದ ಮಗನ ಶಾಲೆಯ ಫೋಟೊ. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದಳು. ಮಗುಚಿಟ್ಟರೆ ಅದೇನು ಸುಮ್ಮನಿರುತ್ತದೆಯೇ, ಗುರ್ ಗುರ್ ಎಂದು ಮೇಜನ್ನೇ ನಡುಗಿಸುತ್ತಿತ್ತು. 

ಅವಳ ತಾಯಿ ಅರ್ನೆಸ್ಟೀನ್ ಆಗಲೇ ನೇರಳೆ ಬಣ್ಣದ ಟೋಪಿ ಇಟ್ಟುಕೊಂಡು ಚರ್ಚಿಗೆ ಸಿದ್ಧವಾಗಿ, ಹೊರಡುವುದು ಬಿಟ್ಟು ಕಪಾಟುಗಳನ್ನೆಲ್ಲ ತೆರೆದು ತಡಕುತ್ತಿದ್ದಳು.

"ನನ್ನ ಕೇಕಿನ ಡಬ್ಬಿ ಯಾರ ಮನೇಲಿ ಬಿಟ್ಟು ಬಂದ್ಯೇ?"

"ಯಾವ್ದೋ ಸಾವಿನ ಮನೆಗೆ ಕೊಟ್ಟೆ ಅಮ್ಮ. ನೆನಪಾಗ್ತಿಲ್ಲ."

"ತಳದಲ್ಲಿ ಪಟ್ಟಿ ಅಂಟಿಸಿ ಹೆಸರು ಬರ್ದಿದೀನಿ. ಹೆಸರಿದ್ದ ಡಬ್ಬಿ ವಾಪಸ್ ಬರ್ಲೇಬೇಕು. ಕೊಟ್ಟವಳಿಗೇ ನೆನಪಿಲ್ಲ ಅಂದ್ರೆ ಇಸ್ಕೊಂಡವ್ರು ಏನ್ ಮಾಡ್ತಾರೆ?"

"ಎಲೆಕ್ಷನ್ ಮುಗೀಲಿ, ಹುಡುಕಿ ತರ್ತೀನಿ."

"ಅಷ್ಟರಲ್ಲಿ ನೀನೇ ಉಳಿದಿರ್ತೀಯೋ ಇಲ್ವೋ," ಎಂದುಬಿಟ್ಟು ಅರ್ನೆಸ್ಟೀನ್ ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಬಂದು ಮಗಳ ಕೈ ಹಿಡಿದು, ತನ್ನ ಮುದಿ ಬೆರಳುಗಳಿಂದ ಒಂದೇ ಏಟಿಗೆ ಕೈಗವಸಿನ ಗುಂಡಿ ಹಾಕಿದಳು.

ಸಾವಿನ ಮನೆಗೆ ಕೇಕು ಕೊಡುವುದು ಅಮೆರಿಕದ ದಕ್ಷಿಣದ ಆ ಕಡೆಯವರಿಗೆ ಉಸಿರಾಟದಷ್ಟೇ ಸಹಜ. ಡಬ್ಬಿಯ ತಳಕ್ಕೆ ಹೆಸರಿನ ಪಟ್ಟಿ, ಮೇಲೊಂದು ಬಟ್ಟೆ, ಬಾಗಿಲಲ್ಲಿ ನಿಂತು ಎರಡು ಮಾತು. ಬೇಸಿಗೆಯಿಂದ ಮನೆಮನೆಯ ಬಾಗಿಲು ತಟ್ಟಿದವಳಿಗೆ ಯಾವ ಬಾಗಿಲೆಂದು ನೆನಪಿರಬೇಕು? ಶಾಲೆಯ ಊಟದ ಮನೆಯ ಮೇಲ್ವಿಚಾರಕಿ ಡೆಲ್ಫೀನ್ ಮೇಬ್ರಿ ಕೌಂಟಿ ಮಂಡಳಿಯ ಚುನಾವಣೆಗೆ ನಿಂತಿದ್ದಾಳೆ, ಮುಚ್ಚಿಹೋದ ಹೆರಿಗೆ ವಾರ್ಡನ್ನು ತೆರೆಸುತ್ತಾಳಂತೆ, ಎಂದು ಜನ ಮೊದಮೊದಲು ನಗುನಗುತ್ತಲೇ ಬಾಗಿಲು ತೆಗೆಯುತ್ತಿದ್ದರು. ತಣ್ಣಗಿನ ಚಹಾ ಕೊಡುತ್ತಿದ್ದರು. ಆಮೇಲೆ ಎಲ್ಲರ ಫೋನಿನಲ್ಲೂ ಆ ಫೋಟೊಗಳು ಶುರುವಾದವು. ಅವಳ ಮುಖ, ಯಾವಳದೋ ಬೆತ್ತಲೆ ಮೈ. ಅಂಗಡಿಯಲ್ಲಿ ಹಾಲಿನ ಕ್ಯಾನು ಮುಂದಿಟ್ಟಾಗ ಗಲ್ಲಾದ ಹುಡುಗಿಯ ಕಣ್ಣು ತನ್ನ ಕುತ್ತಿಗೆಯಿಂದ ಕೆಳಗಿಳಿದು, ತಪ್ಪು ಮಾಡಿದಂತೆ ಮತ್ತೆ ಮೇಲೇರಿದ್ದನ್ನು ಡೆಲ್ಫೀನ್ ಕಂಡಿದ್ದಳು. ಅದು ನಾನಲ್ಲ, ಎಂದಳು. ಯಾರೂ ಕೇಳಿರಲಿಲ್ಲ. ಪಾಸ್ಟರು ಮಾತ್ರ ತಮ್ಮ ಕೋಣೆಗೆ ಕರೆದು, ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸುತ್ತ, ಸಿಸ್ಟರ್ ಮೇಬ್ರಿ, ಕೇಳಬಾರದು, ಆದರೂ ಸಭೆಯ ಹಿರಿಯರು ಕೇಳ್ತಾರೆ, ಅದು, ಎಂದು ನಿಲ್ಲಿಸಿದ್ದರು. ಅದು ನಾನಲ್ಲ ಪಾಸ್ಟರ್. ಗೊತ್ತು ಗೊತ್ತು, ಎಂದರು. ಗೊತ್ತಿದ್ದರೆ ಕೇಳಿದ್ದೇಕೆ? ಆ ಚಿತ್ರದ ಹೊಟ್ಟೆ ನುಣುಪಾಗಿತ್ತು. ತನ್ನ ಹೊಟ್ಟೆಯ ಮೇಲೆ ಮಗ ಹುಟ್ಟಿದಾಗ ಕೊಯ್ದ ಗಾಯದ ಗೆರೆ ಇದೆ. ಅದನ್ನು ತೋರಿಸಿಬಿಟ್ಟರೆ ಎಲ್ಲ ಮುಗಿಯುತ್ತದಲ್ಲ ಎಂದು ಆ ಕೋಣೆಯಲ್ಲಿ, ದೇವರ ಸೇವಕನ ಎದುರಿಗೆ, ಒಂದು ಗಳಿಗೆ ಅವಳಿಗೆ ಅನ್ನಿಸಿಬಿಟ್ಟಿತ್ತು. ಹಾಗೆ ಅನ್ನಿಸಿದ್ದಕ್ಕೆ ಆಗ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಬಂದದ್ದು ಯಂತ್ರದಲ್ಲಿ ಮಾಡಿದ ಅವಳ ದನಿ. ಬಿಳಿಯರ ಹೆಂಗಸರು ಬೇಕಾದರೆ ಹೊಲದಲ್ಲಿ ಹೆರಲಿ, ವಾರ್ಡು ನಮ್ಮವರಿಗೆ ಮಾತ್ರ, ಎಂದು ಅವಳದೇ ದನಿ, ಅವಳು ಮಾತಿನ ಕೊನೆಗೆ ಎಳೆಯುವ ರೀತಿಯಲ್ಲೇ ಎಳೆದು ಹೇಳಿತು. ಅದನ್ನು ಕೇಳಿಸಿಕೊಂಡ ಅಮ್ಮ, "ನಿನ್ನ ದನೀನೇ ಕಣೇ ಇದು. ಯಾವತ್ತೋ ಸಿಟ್ಟಿನಲ್ಲಿ ಅಂದಿರ್ಲಿಲ್ಲ ತಾನೇ?" ಎಂದಿದ್ದಳು. ಹೆತ್ತವಳೇ. ಅದು ನಾನಲ್ಲ ಅಮ್ಮ. ಹೀಗೆ ಎಷ್ಟು ಜನರಿಗೆ ಹೇಳಿದ್ದಾಳೋ, ಹೇಳಿ ಹೇಳಿ ಈಗ ಕನ್ನಡಿಯ ಮುಂದೆ ತಲೆ ಬಾಚುವಾಗಲೂ ಆ ಮಾತೇ ಬಾಯಿಗೆ ಬರುತ್ತದೆ. ಬೈಗುಳಗಳಿಗೆ ಅವಳು ಅಷ್ಟೊಂದು ಹೆದರುತ್ತಿರಲಿಲ್ಲ. ಕೋತಿ, ಸೂಳೆ, ಮಕ್ಕಳ ಕಳ್ಳಿ, ಬಂದ ಹಡಗಿನಲ್ಲೇ ಹೋಗು. ಅವನ್ನು ಅವಳ ಅಜ್ಜಿಯೂ ಕೇಳಿದ್ದಳು. ಮೈಯಿಡೀ ತಣ್ಣಗಾಗಿಸಿದ್ದು ಒಂದೇ ಒಂದು ಸಂದೇಶ. ಅದರಲ್ಲಿ ಕೆಟ್ಟ ಮಾತೇ ಇರಲಿಲ್ಲ. ನಿಮ್ಮ ಮನೆಯ ನೀಲಿ ಬಾಗಿಲು ಬಹಳ ಚೆನ್ನಾಗಿದೆ ಎಂದಿತ್ತು, ಅಷ್ಟೆ. ಠಾಣೆಯಲ್ಲಿ ತೋರಿಸಿದರೆ ಅಲ್ಲಿಯವನು ಓದಿ, ಇನ್ನೊಮ್ಮೆ ಓದಿ, "ಚೆನ್ನಾಗಿದೆ ಅಂದಿದಾರಲ್ಲಮ್ಮ, ಇದ್ರಲ್ಲಿ ಬೆದರಿಕೆ ಎಲ್ಲಿದೆ?" ಎಂದು ಕೇಳಿದ. ದೆವ್ವಗಳು ನೀಲಿ ದಾಟಿ ಒಳಗೆ ಬರುವುದಿಲ್ಲವೆಂದು ಅಪ್ಪ ಸಾಯುವ ಮುಂಚೆ ತಾನೇ ನಿಂತು ಬಳಿದ ಬಣ್ಣ ಅದು. ಆ ನೀಲಿಯೇ ಈಗ ದಾರಿ ತೋರಿಸುತ್ತಿದೆ. ಬೇರೆ ಬಣ್ಣ ಬಳಿದುಬಿಡೋಣವೆಂದು ಡಬ್ಬ ತಂದಿಟ್ಟಿದ್ದಳು. ಅಪ್ಪನ ಕುಂಚದ ಗೀರು ಕಾಣಿಸಿ ಕೈ ಬಂದಿರಲಿಲ್ಲ.

ಚರ್ಚಿಗೆ ಹೋಗುವ ದಾರಿಯುದ್ದಕ್ಕೂ ಕಾರಿನ ಹಿಂದಿನ ಕನ್ನಡಿಯನ್ನೇ ನೋಡಿದಳು. ಒಂದು ಬಿಳಿ ಟ್ರಕ್ಕು ಹಿಂದೆಯೇ ಬಂತು, ಹತ್ತಿಗಿರಣಿಯ ತಿರುವಿನಲ್ಲಿ ಬೇರೆ ಕಡೆ ಹೊರಳಿತು. ಕೈ ಬೆವೆತು ಗವಸು ಒದ್ದೆಯಾಯಿತು. ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಅಶರ್ ಆದವಳು ಬಾಯಿ ಬಿಡಬಾರದು, ಕೈಯೇ ಮಾತಾಡಬೇಕು ಎಂದು ಮಗಳಿಗೆ ಕಲಿಸಿದ್ದು ಅವಳೇ. ಚರ್ಚಿನ ಬಾಗಿಲಲ್ಲಿ ಬಿಳಿ ಉಡುಪು, ಬಿಳಿ ಗವಸು ತೊಟ್ಟು ನಿಂತು, ಬಂದವರನ್ನು ಕರೆದೊಯ್ದು ಕೂರಿಸುವ ಹೆಂಗಸರೇ ಅಶರುಗಳು. ಎಡಗೈ ಮುಷ್ಟಿ ಬೆನ್ನ ಮೇಲಿದ್ದರೆ ಸೇವೆಯಲ್ಲಿದ್ದೇನೆ ಎಂದು. ಬಲ ಅಂಗೈ ಎದೆಗೆ ಆನಿಸಿದರೆ ಪ್ರಾರ್ಥನೆ ನಡೆಯುತ್ತಿದೆ, ಯಾರನ್ನೂ ಒಳಗೆ ಬಿಡಬೇಡ ಎಂದು. ಕುರ್ಚಿ ಬೇಕು, ನೀರು ಬೇಕು, ಯಾರೋ ಮೈಮೇಲೆ ಪರಿವೆಯಿಲ್ಲದೆ ಕುಣಿಯುತ್ತಿದ್ದಾರೆ, ಬೀಳದಂತೆ ಹಿಡಿದುಕೊ, ಎಲ್ಲಕ್ಕೂ ಒಂದೊಂದು ಸನ್ನೆ. ಎಂಟನೆಯ ವಯಸ್ಸಿನಲ್ಲಿ ಡೆಲ್ಫೀನ್ ಇವನ್ನೆಲ್ಲ ಹಿತ್ತಲಲ್ಲಿ ಕೋಳಿಗಳ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. ಹೋದ ತಿಂಗಳು ಅದನ್ನೂ ಬಿಡಲಿಲ್ಲ, ಆ ಸುಳ್ಳು ಫೋಟೊ ಹಾಕುತ್ತಿದ್ದವರು. ಎದೆಯ ಮೇಲೆ ಕೈಯಿಟ್ಟು ನಿಂತ ಅವಳ ಹಳೆಯ ಫೋಟೊ ಹಾಕಿ, ಇದು ಗುಪ್ತ ಪಂಗಡದ ಗುರುತು, ಈಕೆ ಆಜ್ಞೆ ಕೊಡುತ್ತಿರುವುದನ್ನು ನೋಡಿ, ಎಂದು ಬರೆದರು. ಲಕ್ಷಗಟ್ಟಲೆ ಜನ ನೋಡಿದರಂತೆ. ಆಗ ಮಾತ್ರ ಅಮ್ಮನಿಗೆ ಸಿಟ್ಟು ಬಂತು. ಮಗಳ ಬೆತ್ತಲೆ ಚಿತ್ರಕ್ಕೆ ಅತ್ತವಳು ಸನ್ನೆಯ ಚಿತ್ರಕ್ಕೆ ತಟ್ಟೆ ಎಸೆದಿದ್ದಳು.

ಇಷ್ಟೆಲ್ಲ ಸನ್ನೆಗಳಿದ್ದರೂ ಭಯಕ್ಕೆಂದು ಒಂದು ಸನ್ನೆ ಇರಲಿಲ್ಲ. ದೇವರ ಬಾಗಿಲಲ್ಲಿ ನಿಂತವಳಿಗೆ ಅದೇಕೆ ಬೇಕು? ಬೇರೊಂದು ಊರಿನ ಚರ್ಚಿನಲ್ಲಿ, ಪ್ರಾರ್ಥನೆಗೆಂದು ಬಂದ ಅಪರಿಚಿತ ಬಿಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡ ತಮ್ಮಂಥ ಕರಿಯರು ಅವನ ಗುಂಡಿಗೇ ಬಲಿಯಾದದ್ದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಈ ಬೇಸಿಗೆಯಲ್ಲಿ, ಡೆಲ್ಫೀನಳಿಗೆ ನೀಲಿ ಬಾಗಿಲಿನ ಸಂದೇಶ ಬಂದಮೇಲೆ, ಪಾಸ್ಟರೂ ಸಭೆಯ ಹಿರಿಯರಾದ ಡೀಕನ್ನರೂ ಕೂತು ಒಂದು ಸನ್ನೆ ಮಾಡಿದರು. ಬಲಗೈ ಎಡಭುಜದ ಮೇಲೆ ಹೋದರೆ, ಬಾಗಿಲಲ್ಲಿ ಅಪಾಯ. ಡೀಕನ್ ಲೂಷಸ್, ಹೈಸ್ಕೂಲಿನಲ್ಲಿ ಚೆಂಡಾಟದ ತಂಡದಲ್ಲಿದ್ದ ಕಂಬದಂಥ ಆಳು, ಕೊನೆಯ ಬೆಂಚಿನ ತುದಿಯಲ್ಲಿ ಕೂತು ಅದೊಂದನ್ನೇ ಕಾಯಬೇಕು. ಡೆಲ್ಫೀನಳಿಗೆ ತಾನು ಚರ್ಚಿಗೆ ತಂದ ಕಾಣಿಕೆ ಇದೇ ಅನ್ನಿಸಿತ್ತು.

ಅವತ್ತು ಅಶರುಗಳ ದಿನ. ವರ್ಷಕ್ಕೊಮ್ಮೆ ಅವರೆಲ್ಲ ಎರಡು ಸಾಲಾಗಿ, ಒಂದು ಹೆಜ್ಜೆ ಇಟ್ಟು ಒಂದು ಹೆಜ್ಜೆ ತಡೆದು, ಬಾಗಿಲಿನಿಂದ ವೇದಿಕೆಯವರೆಗೆ ನಡೆದು ಬರುತ್ತಾರೆ. ಕಾಯಿಲೆ ಬಿದ್ದವರು ಮನೆಯಲ್ಲೇ ನೋಡಲೆಂದು ಇಟ್ಟ ಕ್ಯಾಮೆರಾ ಯಾವಾಗಲೂ ಪಾಸ್ಟರ ಕಡೆಗೇ ಮುಖ ಮಾಡಿರುತ್ತದೆ. ಅಶರುಗಳ ನಡಿಗೆಗೆಂದು ಅವತ್ತು ಬಾಗಿಲ ಕಡೆ ತಿರುಗಿಸಿದ್ದರು. ನಡಿಗೆ ಚೆನ್ನಾಗಿಯೇ ಆಯಿತು. ಎರಡನೆಯ ಸಾಲಿನಲ್ಲಿ ಕೂತ ಅಮ್ಮ ಟೋಪಿ ಅಲ್ಲಾಡುವಂತೆ ತಲೆಯಾಡಿಸಿದಳು. ಕ್ಯಾಮೆರಾವನ್ನು ಮತ್ತೆ ತಿರುಗಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಡೆಲ್ಫೀನ್ ಬಾಗಿಲಿಗೆ ವಾಪಸು ಬಂದು, ಎಡ ಮುಷ್ಟಿ ಬೆನ್ನ ಮೇಲಿಟ್ಟು, ರಟ್ಟಿನ ಬೀಸಣಿಗೆಗಳ ಬುಟ್ಟಿಯ ಪಕ್ಕ ನಿಂತಳು. ಅಕ್ಟೋಬರ್ ಕೊನೆಯಾದರೂ ಸೆಕೆ ಹೋಗಿರಲಿಲ್ಲ. ಹಾಡುವವರು ಎದ್ದು ನಿಂತರು. ಹಾಡು ಮೇಲೇರತೊಡಗಿದಾಗ ಅವಳ ಭುಜ ಎಷ್ಟೋ ದಿನದ ಮೇಲೆ ಸ್ವಲ್ಪ ಸಡಿಲವಾಯಿತು. ಇಲ್ಲಿ ನಾನು ಯಾರೆಂದು ಎಲ್ಲರಿಗೂ ಗೊತ್ತು, ಎಂದುಕೊಂಡಳು.

ಆಗ ಬಾಗಿಲು ತೆರೆಯಿತು.

ಒಬ್ಬ ಬಿಳಿಯ ಮುದುಕ. ಹೆಗಲಿಗಿಂತ ದೊಡ್ಡದಾದ ಬೂದು ಕೋಟು, ಟೋಪಿ, ಕನ್ನಡಕ, ನುಣ್ಣಗೆ ಬೋಳಿಸಿದ ಗಲ್ಲ, ಕೈಯಲ್ಲಿ ಕಂದು ಕಾಗದದ ಚೀಲ. ಚೀಲವನ್ನು ಎದೆಗೆ ಒತ್ತಿ ಹಿಡಿದು ಇನ್ನೊಂದು ಕೈಯನ್ನು ಅದರೊಳಗೆ ಇಟ್ಟಿದ್ದ. ಬಿಸಿಲಿನಿಂದ ಒಳಗೆ ಬಂದವನು ಕಣ್ಣು ಕಾಣದೆ ಹೊಸ್ತಿಲಲ್ಲೇ ನಿಂತು ಒಂದೊಂದು ಮುಖವನ್ನೂ ಹುಡುಕಿದ, ಹುಡುಕುತ್ತ ಹುಡುಕುತ್ತ ಅವನ ಕಣ್ಣು ಡೆಲ್ಫೀನಳ ಮೇಲೆ ಬಂದು ನಿಂತಿತು. ಅವಳನ್ನೇ ಹುಡುಕುತ್ತಿದ್ದದ್ದು. ಅವನ ಮುಖದಲ್ಲಿ ಗುರುತು ಹಿಡಿದ ಒಂದು ಬೆಳಕು ಬಂತು. ಈ ಮುಖವನ್ನು ಎಲ್ಲಾದರೂ ನೋಡಿದ್ದೇನೆಯೇ? ನೋಡಿದ್ದೇನೆ. ಇಲ್ಲ. ಅಂಗಡಿಯ ಎದುರು, ಠಾಣೆಯ ಮೆಟ್ಟಿಲಲ್ಲಿ, ಬಿಳಿ ಟ್ರಕ್ಕಿನ ಗಾಜಿನ ಹಿಂದೆ, ಈಚೆಗೆ ಎಲ್ಲ ಬಿಳಿಯ ಗಂಡಸರ ಮುಖವನ್ನೂ ಅವಳು ಎಲ್ಲೋ ನೋಡಿದ್ದಳು. ಕೈ ನೀಡು, ಬೀಸಣಿಗೆ ಕೊಡು, ಕರೆದೊಯ್ದು ಕೂರಿಸು, ಎಂದು ಎಂಟನೆಯ ವಯಸ್ಸಿನ ಹುಡುಗಿ ಒಳಗಿನಿಂದ ಹೇಳುತ್ತಿದ್ದಳು. ಅಮ್ಮ ಎರಡನೆಯ ಸಾಲಿನಲ್ಲಿದ್ದಾಳೆ, ಬೆನ್ನು ಈ ಕಡೆಗಿದೆ, ನೇರಳೆ ಟೋಪಿ ಎಷ್ಟು ದೂರದಿಂದಲೂ ಕಾಣುತ್ತದೆ. ನಿಮ್ಮ ಮನೆಯ ನೀಲಿ ಬಾಗಿಲು ಬಹಳ ಚೆನ್ನಾಗಿದೆ. ಆ ಮಾತಿಗೆ ಇಷ್ಟು ದಿನ ದನಿ ಇರಲಿಲ್ಲ, ಮುಖ ಇರಲಿಲ್ಲ. ಈಗ ಬೂದು ಕೋಟಿನೊಂದಿಗೆ ಎಲ್ಲ ಬಂತು. ಮುದುಕ ಬಾಯಿ ತೆರೆದ. ಹಾಡಿನಲ್ಲಿ ಏನೂ ಕೇಳಿಸಲಿಲ್ಲ. ಅವನ ಕೈ ಚೀಲದೊಳಗೆ ಇನ್ನಷ್ಟು ಇಳಿಯಿತು, ಏನನ್ನೋ ಹಿಡಿಯಿತು, ಮೇಲಕ್ಕೆ ಎಳೆಯಿತು. ಡೆಲ್ಫೀನಳ ಬಲಗೈ ಎಡಭುಜದ ಮೇಲೆ ಹೋಗಿ ಕೂತಿತು.

ಲೂಷಸ್ ಬೆಂಚು ದಾಟಿದ್ದು ಅವಳಿಗೆ ಕಾಣಲೂ ಇಲ್ಲ. ಮುದುಕ ಒಣಗಿದ ಕೊಂಬೆಯ ಹಾಗೆ ಕೆಳಗೆ ಹೋದ. ಮೇಲೆ ಲೂಷಸ್, ಲೂಷಸನ ಹಿಂದೆ ಇನ್ನಿಬ್ಬರು. ತಗಡು ನೆಲಕ್ಕೆ ಬಡಿದ ಸದ್ದಿಗೆ ಯಾರೋ ಚೀರಿದರು, ಬೆಂಚುಗಳ ಕೆಳಗೆ ಜನ ಬಗ್ಗಿದರು, ತಾಯಂದಿರು ಮಕ್ಕಳ ಮೇಲೆ ಬಿದ್ದರು. ಒಂದು ದುಂಡನೆಯ ಮುಚ್ಚಳ ನಡುದಾರಿಯಲ್ಲಿ ಉರುಳುತ್ತ ಉರುಳುತ್ತ ಹೋಗಿ, ಸುತ್ತು ಹಾಕಿ, ಮಲಗಿತು. ಹಾಡು ಒಂದೇ ಸಲಕ್ಕೆ ನಿಲ್ಲಲಿಲ್ಲ, ಒಬ್ಬೊಬ್ಬರೇ ನಿಲ್ಲಿಸಿದರು. ನೆಲದ ತುಂಬ ಅಕ್ರೋಟಿನಂಥ ಪೆಕಾನ್ ಬೀಜ ಚೆಲ್ಲಿತ್ತು. ಬಿಡಿಸಿದ ಬೀಜ, ಒಂದೂ ಮುರಿಯದಂತೆ ಇಬ್ಭಾಗವಾಗಿ ಬಿಡಿಸಿದ್ದು. ಅವುಗಳ ನಡುವೆ ಬೋರಲು ಬಿದ್ದ ಡಬ್ಬಿ. ತಳದಲ್ಲಿ ಹಳದಿಗಟ್ಟಿದ ಪಟ್ಟಿ, ಪಟ್ಟಿಯ ಮೇಲೆ ಅಮ್ಮನ ದಪ್ಪ ಅಕ್ಷರಗಳಲ್ಲಿ, ಮಿಸೆಸ್ ಅರ್ನೆಸ್ಟೀನ್ ಮೇಬ್ರಿ.

"ಮಿಸ್ ಮೇಬ್ರಿ," ಎಂದ ಮುದುಕ ನೆಲದಿಂದಲೇ. ಲೂಷಸನ ಮೊಣಕಾಲು ಇನ್ನೂ ಅವನ ಬೆನ್ನ ಮೇಲಿತ್ತು. "ಡಬ್ಬಿ ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೆ. ಬಾಗಿಲಲ್ಲೇ ಕೊಡೋಣ ಅಂದ್ಕೊಂಡೆ."

ಆಗ ನೆನಪಾಯಿತು.  ನದಿಯ ಕಡೆಯ ರಸ್ತೆ, ಜಾಲರಿಯ ಬಾಗಿಲು, ಅದರ ಹಿಂದೆ ಗಡ್ಡ ಬಿಟ್ಟ, ಬನಿಯನ್ನು ತೊಟ್ಟ ಒಂದು ಆಕಾರ. ಓಟು ಕೇಳಲು ಹೋಗಿದ್ದಳು. ನನ್ನ ಹೆಂಡತಿ ಮೊನ್ನೆ ತೀರಿಕೊಂಡಳು, ಕೇಳುವುದಿದ್ದರೆ ಆಮೇಲೆ ಬನ್ನಿ, ಎಂದಿದ್ದ. ಓಟಿನ ಮಾತನ್ನೇ ಎತ್ತದೆ ಮನೆಗೆ ಬಂದು, ಬೆಣ್ಣೆ ಕರಗಿಸಿ, ಸಂಜೆಯೊಳಗೆ ಕೇಕು ಮಾಡಿ ಅಮ್ಮನ ಡಬ್ಬಿಯಲ್ಲಿ ಒಯ್ದು ಕೊಟ್ಟಿದ್ದಳು. ಜಾಲರಿ ಬಾಗಿಲು ಸ್ವಲ್ಪವೇ ತೆರೆದು ಎರಡು ಕೈ ಹೊರಗೆ ಬಂದಿದ್ದವು. ಟ್ಯಾಕೆಟ್. ಹೊಲಿಸ್ ಟ್ಯಾಕೆಟ್. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಪೆಕಾನ್ ಬಿಡಿಸಿ ತುಂಬಿಕೊಂಡು, ಗಡ್ಡ ಬೋಳಿಸಿಕೊಂಡು, ಇದ್ದ ಒಂದೇ ಕೋಟು ಹಾಕಿಕೊಂಡು ಬಂದಿದ್ದಾನೆ.

ಲೂಷಸ್ ಎದ್ದು ನಿಂತು ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿಗೆ ಒರೆಸಿಕೊಳ್ಳುತ್ತಿದ್ದ. ಪಾಸ್ಟರು ಓಡಿ ಬಂದರು. ಯಾರೋ ನೀರು ತಂದರು. ಟ್ಯಾಕೆಟನ ತುಟಿ ಒಡೆದಿತ್ತು, ಕನ್ನಡಕದ ಒಂದು ಗಾಜು ಹೋಗಿತ್ತು. "ಪರವಾಗಿಲ್ಲ, ಪರವಾಗಿಲ್ಲ," ಎನ್ನುತ್ತ, ನೀರನ್ನು ಮುಟ್ಟದೆ, ಟೋಪಿಯನ್ನು ತಾನೇ ಹುಡುಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಡೆಲ್ಫೀನಳ ಪಕ್ಕದಲ್ಲೇ ಹಾದುಹೋದ. ಅವಳು ಮಾತಾಡಬೇಕಾಗಿತ್ತು. ಒಂದು ಮಾತು, ಅವನ ಹೆಸರಾದರೂ. ಅಶರ್ ಬಾಯಿ ಬಿಡಬಾರದೆಂಬುದು ಹಲ್ಲಿನ ಹಿಂದೆ ಬೀಗ ಹಾಕಿಕೊಂಡು ಕೂತಿತ್ತೋ, ಅಥವಾ ಅದೊಂದು ನೆಪವೋ. ಎಡಗೈ ಮುಷ್ಟಿ ಆಗಲೂ ಬೆನ್ನ ಮೇಲೇ ಇತ್ತು. ಬಿಳಿ ಉಡುಪಿನ ಹೆಂಗಸರು ಮೊಣಕಾಲೂರಿ, ಬಿಳಿ ಗವಸಿನ ಕೈಗಳಿಂದ ಒಂದೊಂದೇ ಬೀಜ ಆರಿಸತೊಡಗಿದರು. ಯಾರೂ ಅವಳನ್ನು ನೋಡಲಿಲ್ಲ. ಅವಳು ತಲೆಯೆತ್ತಿದಾಗ ಎದುರಿಗೆ, ವೇದಿಕೆಯ ಪಕ್ಕದಲ್ಲಿ, ಕ್ಯಾಮೆರಾದ ಕಣ್ಣು ನೇರವಾಗಿ ಬಾಗಿಲನ್ನೇ ನೋಡುತ್ತಿತ್ತು.

ಮಧ್ಯಾಹ್ನ ಅವಳ ಚುನಾವಣೆಯ ಕೆಲಸ ನೋಡಿಕೊಳ್ಳುವ ರೊಷೆಲ್ ಬಂದಳು. ಚಿಕ್ಕಮ್ಮನ ಮಗಳು, ಅವಳಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು, ಮಾತಿನಲ್ಲಿ ಮಾತ್ರ ಹಿರಿಯಳು. ಕೈಯಲ್ಲಿ ಕರಿದ ಕೋಳಿಯ ಪೊಟ್ಟಣ, ಕಿವಿಯಲ್ಲಿ ಫೋನು. ಬಾಗಿಲು ಹಾಕಿ, ಚಿಲಕ ಹಾಕಿ, ಅದನ್ನು ಇನ್ನೊಮ್ಮೆ ಎಳೆದು ನೋಡಿ ಬಂದು ಕೂತಳು.

"ಚರ್ಚಿನ ವಿಡಿಯೊ ಹೊರಗೆ ಬಿತ್ತು ಕಣೇ. ಹಳೇ ಫೋಟೊ ಪಕ್ಕ ಇದನ್ನಿಟ್ಟು ಹಾಕಿದಾರೆ. ಮೊದ್ಲು ಸನ್ನೆ, ಆಮೇಲೆ ಮುದುಕನ್ನ ಕೆಡವೋದು. ಆಜ್ಞೆ ಕೊಡೋದನ್ನ ನೋಡಿ ಅಂತ."

ಡೆಲ್ಫೀನ್ ಫ್ರಿಜ್ಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. "ಈ ಸಲ ಅವ್ರು ಹಾಕಿದ್ದು ನಿಜ ತಾನೇ," ಎಂದಳು.

"ಕೇಳು ಇಲ್ಲಿ. ನಮ್ಮ ಕಡೆಯವ್ರು ಏನ್ ಬರೀತಿದಾರೆ ಗೊತ್ತಾ? ಇದು ಯಂತ್ರದಲ್ಲಿ ಮಾಡಿದ ವಿಡಿಯೊ, ಆ ಕೈ ನೋಡಿ, ಮನುಷ್ಯರ ಕೈ ಅಷ್ಟು ಬಿಳಿ ಇರುತ್ತಾ, ಬೆರಳು ಸರಿಯಾಗಿ ಕಾಣ್ತಿಲ್ಲ, ಅಂತ. ನಾನು ಹೇಳ್ಕೊಟ್ಟಿಲ್ಲ. ಅವ್ರಾಗೇ ಬರೀತಿದಾರೆ."

"ಅದು ಗವಸು."

"ಗವಸು ಅಂತ ನಂಗೊತ್ತು, ನಿಂಗೊತ್ತು. ಅವ್ರಿಗೆ ಯಾಕೆ ಗೊತ್ತಾಗ್ಬೇಕು? ಇಷ್ಟು ಸುಳ್ಳು ಹಾಕಿದಾರೆ, ಇದೂ ಒಂದು ಸುಳ್ಳು ಅಂದ್ಬಿಡೋಣ. ಚರ್ಚಿನವ್ರು ತಮ್ಮ ವಿಡಿಯೊನ ಆಗ್ಲೇ ತೆಗೆದುಹಾಕಿದಾರೆ. ಆ ಮುದುಕ ಮಾತಾಡೋ ಥರ ಕಾಣಲ್ಲ. ಮುಂದಿನ ವಾರ ಓಟು. ನೀನು ಏನೂ ಹೇಳೋದೂ ಬೇಡ ಡೆಲ್ಲಾ. ಸುಮ್ನಿದ್ರೆ ಸಾಕು. ಅವ್ರು ನಿನ್ನ ಮೈನ ಸುಳ್ಳು ಮಾಡಿದ್ರು, ದನಿನ ಸುಳ್ಳು ಮಾಡಿದ್ರು. ಒಂದು ಸಲ ಆ ಸುಳ್ಳು ನಿನ್ನ ಉಪಯೋಗಕ್ಕೆ ಬರ್ಲಿ ಬಿಡು."

ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಡೆಲ್ಫೀನಳನ್ನು ಹೆದರಿಸಿದ್ದು. ಬಾಯಿಗೆ ಎಷ್ಟು ರೂಢಿಯಾದ ಮಾತು, ಅದು ನಾನಲ್ಲ. ಹೇಳಬೇಕಾಗಿಯೂ ಇಲ್ಲ, ಸುಮ್ಮನಿದ್ದರೆ ಸಾಕು. ಆ ವಾರ್ಡು ತೆರೆಯುತ್ತದೆ, ದೂರದ ಆಸ್ಪತ್ರೆ ಮುಟ್ಟುವ ಮೊದಲೇ ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತು ಮಗುವನ್ನು ಕಳೆದುಕೊಂಡ ಈ ಊರಿನ ಹುಡುಗಿಯಂಥವರು ಇನ್ನೊಬ್ಬರಾಗುವುದಿಲ್ಲ, ಇದೂ ಸುಳ್ಳಲ್ಲವಲ್ಲ. ಸಿಂಕಿನ ಹತ್ತಿರ ಅಮ್ಮ ಪೆಕಾನ್ ಬೀಜ ತೊಳೆಯುತ್ತಿದ್ದಳು. ತೊಳೆದು, ಬಟ್ಟೆಯ ಮೇಲೆ ಹರಡಿ, ಚರ್ಚಿನ ನೆಲದ ಧೂಳು ಉಳಿದಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಿದ್ದಳು.

"ಮುರೀದ ಹಾಗೆ ಬಿಡಿಸೋಕೆ ಎಷ್ಟು ತಾಳ್ಮೆ ಬೇಕು," ಎಂದಳು ಅರ್ನೆಸ್ಟೀನ್, ಯಾರಿಗೆಂದಿಲ್ಲದೆ. "ಬರೀ ಡಬ್ಬಿ ಕೊಡಬಾರ್ದು ಅಂತ ಆ ಮನುಷ್ಯನಿಗೆ ಹೆಂಡತಿ ಹೇಳ್ಕೊಟ್ಟಿರ್ಬೇಕು. ನಮ್ಮವರನ್ನ ಬರೀ ಹೆಸರಿಂದ ಕೂಗೋ ಬಿಳೀ ಜನ ಯಾವತ್ತು ನನ್ನ ಹೆಸರನ್ನ ಮಿಸೆಸ್ ಅಂತ ಓದಿದ್ದು? ಓದಿ, ಹುಡುಕ್ಕೊಂಡು ಬಂದಿದಾನೆ."

"ದೊಡ್ಡಮ್ಮ, ಈಗ ಅದೆಲ್ಲ ಯಾಕೆ?" ಎಂದಳು ರೊಷೆಲ್.

"ನಾನೇನಂದೆ? ಬೀಜ ಚೆನ್ನಾಗಿದೆ ಅಂದೆ."

ಡೆಲ್ಫೀನ್ ಕೈಗವಸಿನ ಗುಂಡಿ ಬಿಚ್ಚಿದಳು. ಬೆಳಿಗ್ಗೆಯಿಂದ ತೆಗೆದೇ ಇರಲಿಲ್ಲ. ಒದ್ದೆಯಾಗಿ ಒಣಗಿ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಎರಡನ್ನೂ ಮೇಜಿನ ಮೇಲೆ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡಳು. ರೊಷೆಲ್ ಎದ್ದು ಅಡ್ಡ ನಿಂತು, ಎಲ್ಲಿಗೆ, ಒಬ್ಬಳೇ ಹೋಗಬೇಡ, ತಲೆ ಕೆಟ್ಟಿದೆಯಾ, ಲೂಷಸನನ್ನಾದರೂ ಕರಿ, ಎಂದಳು. ಲೂಷಸನನ್ನು ಕರೆದುಕೊಂಡು ಆ ಮನೆಗೆ ಹೋಗುವುದನ್ನು ಯೋಚಿಸಿ ಡೆಲ್ಫೀನಳಿಗೆ ನಗು ಬಂದಂತಾಯಿತು, ಅಳು ಬಂದಂತೆಯೂ.

"ಹೋಗ್ಲಿ ಬಿಡೇ," ಎಂದಳು ಅಮ್ಮ ಸಿಂಕಿನಿಂದ ತಿರುಗದೆ.

ಒಬ್ಬಳೇ ಕಾರು ಓಡಿಸಿ ಎಷ್ಟು ದಿನವಾಗಿತ್ತೋ. ಹತ್ತಿಗಿರಣಿ ದಾಟಿ, ರೈಲು ಹಳಿ ದಾಟಿ, ನದಿಯ ಕಡೆಗೆ ಹೋಗುವ ರಸ್ತೆಗೆ ಹೊರಳಿದಾಗ ಕಾಲು ಬ್ರೇಕಿನ ಮೇಲೆಯೇ ಇತ್ತು. ಅಂಗಳ ಅಂಗಳದಲ್ಲಿ ಎದುರಾಳಿಯ ಹೆಸರಿನ ಫಲಕ. ಒಂದು ಅಂಗಳದಲ್ಲಿ ಅವಳದೇ ಮುಖ, ಮೇಲೆ ಕೆಂಪು ಗೀಟು ಎಳೆದದ್ದು. ಜಗಲಿಯಲ್ಲಿ ಕೂತವರು ಕಾರನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಫೋನನ್ನು ನೋಡಿದರು, ಮತ್ತೆ ಕಾರನ್ನು ನೋಡಿದರು. ಹಾಗೆ ನೋಡಿದರೋ, ಅವಳಿಗೆ ಹಾಗೆ ಕಂಡಿತೋ. ವಾಪಸು ತಿರುಗಿಸು, ತಿರುಗಿಸು, ಎಂದು ಮೈಯ ಒಂದೊಂದು ಎಲುಬೂ ಹೇಳುತ್ತಿತ್ತು. ಟ್ಯಾಕೆಟನ ಮನೆ ರಸ್ತೆಯ ಕೊನೆಯಲ್ಲಿತ್ತು, ಮನೆಯ ಮೇಲೆ ಬಾಗಿದ ಪೆಕಾನ್ ಮರ, ಮರದ ಕೆಳಗೆ ಒಂದೇ ಕುರ್ಚಿ, ಸುತ್ತ ಸಿಪ್ಪೆಯ ರಾಶಿ. ಬಾಗಿಲ ಚೌಕಟ್ಟಿನಲ್ಲಿ ಈಗಿನ ಕಾಲದ ಕರೆಗಂಟೆ, ಅದರ ನಡುವೆ ಸಣ್ಣ ಗಾಜಿನ ಕಣ್ಣು. ಬಂದವರನ್ನೆಲ್ಲ ಹಿಡಿದಿಡುವ ಕಣ್ಣು. ಇದೂ ಎಲ್ಲಿಗೋ ಹೋಗುತ್ತದೆ, ಯಾರೋ ಕತ್ತರಿಸುತ್ತಾರೆ, ಜೋಡಿಸುತ್ತಾರೆ, ಬಿಳಿಯನ ಮನೆಗೆ ನುಗ್ಗಲು ಬಂದಳು ನೋಡಿ ಎನ್ನುತ್ತಾರೆ. ಅವಳು ಗಂಟೆಯನ್ನು ಮುಟ್ಟಲಿಲ್ಲ, ಜಾಲರಿಯ ಚೌಕಟ್ಟನ್ನು ಬೆರಳ ಗಂಟಿನಿಂದ ತಟ್ಟಿದಳು.

ಒಳಗೆ ನಡೆಯುತ್ತಿದ್ದ ಹೆಜ್ಜೆ ನಿಂತಿತು. ನಿಂತದ್ದು ಕೇಳಿಸಿತು. ತನ್ನ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ, ಹೊರಗೆ ಯಾರದೋ ಕಾಲ ಸಪ್ಪಳ ಕೇಳಿ ತಾನು ಉಸಿರು ಬಿಗಿಹಿಡಿಯುವ ರೀತಿ ಅವಳಿಗೆ ಗೊತ್ತಿತ್ತು. ಬಾಗಿಲಿನ ಆಚೆ ಅದೇ ಉಸಿರು ಇತ್ತು.

"ಯಾರು?"

 ಡೆಲ್ಫೀನ್ ಎರಡು ಹೆಜ್ಜೆ ಹಿಂದೆ ಸರಿದು, ಕಿಟಕಿಯಿಂದಲೂ ಗಾಜಿನ ಕಣ್ಣಿನಿಂದಲೂ ಕಾಣುವಂತೆ ಎರಡು ಬರಿಗೈಗಳನ್ನೂ ಮುಂದಕ್ಕೆ ಬಿಚ್ಚಿ ಹಿಡಿದಳು. ಈ ಸನ್ನೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಡೆಲ್ಫೀನ್ ಮೇಬ್ರಿ, ಸರ್. ಅರ್ನೆಸ್ಟೀನ್ ಮೇಬ್ರಿಯ ಮಗಳು."  ಹೇಳಬೇಕಾದ ಮುಂದಿನ ಮಾತು, ಈ ಬೇಸಿಗೆಯಿಂದ ಯಾರೆದುರೂ ಹೇಳಿರದ ಮಾತು, ಬಾಯಿಗೆ ಹೊಸದಾಗಿತ್ತು. "ಆ ವಿಡಿಯೊದಲ್ಲಿರೋದು ನಾನೇ. ಕೈ ಎತ್ತಿದ್ದು ನಾನೇ. ನಿಮ್ಮನ್ನ ನೋಡಿ ಹೆದರ್ಕೊಂಡೆ, ಮಿಸ್ಟರ್ ಟ್ಯಾಕೆಟ್. ನೀವು ಡಬ್ಬಿ ತಂದಿದ್ರಿ, ನಾನು ನಿಮ್ಮನ್ನ ಕೆಳಗೆ ಹಾಕಿಸ್ದೆ."

 ಮರದಿಂದ ಒಂದು ಕಾಯಿ ತಗಡಿನ ಮಾಡಿನ ಮೇಲೆ ಬಿದ್ದು ಉರುಳಿತು. ಅವಳು ಬೆಚ್ಚಿದಳು, ಒಳಗೆ ಅವನೂ ಬೆಚ್ಚಿದ್ದು ಬಾಗಿಲಿಗೆ ತಾಗಿದ ಸದ್ದಿನಿಂದ ತಿಳಿಯಿತು.

"ಒಬ್ರೇ ಬಂದಿದೀರಾ?" ಎಂದು ಕೇಳಿದ.

"ಒಬ್ಳೇ."

ಅವನು ಬಾಗಿಲು ತೆಗೆಯಲಿಲ್ಲ. ಹೋಗಿ ಎನ್ನಲೂ ಇಲ್ಲ. ಡೆಲ್ಫೀನ್ ಕೈಗಳನ್ನು ಹಾಗೆಯೇ ಹಿಡಿದು ನಿಂತಳು. ಹಿಂದೆ ರಸ್ತೆಯಲ್ಲಿ ಒಂದು ಟ್ರಕ್ಕು ಬಂತು, ಮನೆಯ ಎದುರಿಗೆ ನಿಧಾನವಾಯಿತು, ನಿಂತಿತು. ಅದರ ಕಿಟಕಿಯ ಗಾಜು ಇಳಿಯುವ ಸದ್ದು ಕೇಳಿತು. ಅವಳು ಹಿಂದಿರುಗಿ ನೋಡಲಿಲ್ಲ. ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದಳು.